ಅನಾಥಶಬ್ದಾರ್ಥವಿಚಾರ: ಸ್ಟಾನ್ಸಿನಿಂದ ವಾರ್ಸಾದವರೆಗೆ

೧. ಶಬ್ದಾರ್ಥ

ತಂದೆತಾಯಿಗಳಿಲ್ಲದ ಮಗುವನ್ನು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ‘ಅನಾಥ’ನೆಂದು ಕರೆಯುವರು. ಶಬ್ದವು ಎಲ್ಲರಿಗೂ ಪರಿಚಿತವಾದುದರಿಂದಲೇ ಅದರ ಅರ್ಥವನ್ನು ವಿಚಾರಿಸುವವರು ಕಡಮೆ. ನಾಥಶಬ್ದವು ‘ನಾಥೃ’ ಎಂಬ ಧಾತುವಿನಿಂದ ಹುಟ್ಟಿದುದು. ಧಾತುಪಾಠದಲ್ಲಿ ಈ ಧಾತುವಿಗೆ ಯಾಚನೆ, ಉಪತಾಪ, ಐಶ್ವರ್ಯ, ಆಶಿಸ್ಸು ಎಂಬ ನಾಲ್ಕು ಅರ್ಥಗಳನ್ನು ಹೇಳಿದೆ. ಐಶ್ವರ್ಯವೆಂಬ ಅರ್ಥವನ್ನು ಹಿಡಿದು ನಾಥನೆಂದರೆ ಒಡೆಯನೆಂದು ವಿವರಿಸುವುದು ರೂಢಿಯಾಗಿದೆ. ಆದರೆ ಯಾಚನೆಯೆಂಬ ಮೊದಲನೆಯ ಅರ್ಥವನ್ನು ಗಮನಿಸಿದರೆ, ಯಾರ ಮುಂದೆ ಬಾಯಿಬಿಟ್ಟು ಕೇಳಬಹುದೋ ಅವನೇ ನಾಥನೆಂದು ತೋರುತ್ತದೆ. ಹಾಗಾದರೆ ಅನಾಥನೆಂದರೆ ಅನ್ನವಿಲ್ಲದವನಲ್ಲ, ಮನೆಯಿಲ್ಲದವನೂ ಅಲ್ಲ, ಕೇಳುವುದಕ್ಕೆ ಒಬ್ಬರಿಲ್ಲದವನು. ಈ ವ್ಯುತ್ಪತ್ತಿಯನ್ನು ಹಠದಿಂದ ಸಾಧಿಸಬೇಕೆಂಬುದು ನಮ್ಮ ಉದ್ದೇಶವಲ್ಲ. ಮುಂದೆ ಹೇಳತಕ್ಕ ಚರಿತ್ರೆಯನ್ನು ಅರಿಯುವುದಕ್ಕೆ ಇದು ಒಳ್ಳೆಯ ದೀಪವಾಗುವುದೆಂಬಷ್ಟೇ ನಮ್ಮ ಅಭಿಪ್ರಾಯ.

ನಮ್ಮ ಪ್ರಾಚೀನರು ಅನಾಥರ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಕೌಟಿಲ್ಯನು ಜನಪದನಿವೇಶಪ್ರಕರಣದಲ್ಲಿ ಬಾಲರು, ವೃದ್ಧರು, ವ್ಯಾಧಿಗ್ರಸ್ತರು, ಅನಾಥರು ಮೊದಲಾದವರನ್ನು ರಾಜನು ಪೋಷಿಸತಕ್ಕದ್ದೆಂದು ವಿಧಿಸಿರುವನು. ಬಾಲಕನಿಗೆ ಬಂದ ಪಿತ್ರಾರ್ಜಿತವನ್ನು ಅವನು ಗುರುಕುಲದಿಂದ ಹಿಂದಿರುಗುವವರೆಗಾದರೂ, ಬಾಲ್ಯವು ಕಳೆಯುವವರೆಗಾದರೂ ರಾಜನು ಕಾಪಾಡಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿದೆ. ಇವೆರಡೂ ಉತ್ತಮವಾದ ವಿಧಿಗಳೇ. ಆದರೆ ಮೊದಲನೆಯದು ಅನ್ನವನ್ನೂ ಎರಡನೆಯದು ಧನವನ್ನೂ ಕುರಿತದ್ದು. ಆ ಮಗುವಿನ ಹತ್ತಿರ ಯಾರಿರಬೇಕೆಂಬುದನ್ನು ವಿಧಿವಾಕ್ಯವು ಹೇಳದು, ಬಹುಶಃ ಹೇಳಲಾರದು. ಅದನ್ನು ಹೇಳಿದವರು ಕವಿಗಳು. ಆದಿಪರ್ವದ ಶಕುಂತಲೋಪಾಖ್ಯಾನದಲ್ಲಿ ಶರೀರವನ್ನು ಕೊಟ್ಟವನು, ಪ್ರಾಣವನ್ನು ಉಳಿಸಿದವನು, ಅನ್ನವನ್ನು ಇಟ್ಟವನು ಎಂದು ಮೂವರು ತಂದೆಗಳನ್ನು ಎಣಿಸಿ, ಅಡವಿಯಲ್ಲಿ ಸಿಕ್ಕಿದ ಕೂಸಿಗೆ ಕಣ್ವನೇ ತಂದೆಯೆಂದು ನಿರ್ಣಯಿಸಿದೆ. ಕಾಳಿದಾಸನು ಇನ್ನೂ ಮುಂದೆ ಹೋಗಿ, ಸಾಕಿದ ಮಗಳನ್ನು ಕಳುಹಿಸಿಕೊಡುವ ಹೊತ್ತಿನಲ್ಲಿ ವನವಾಸಿಯಾದ ಆ ಮುನಿಯ ಕಂಠವು ಗದ್ಗದವಾಗುವಂತೆ ಮಾಡಿರುವನು. ಶಾಸ್ತ್ರವು ಭರಣವನ್ನು ಕಂಡಿತು. ಕಾವ್ಯವು ಸಂಬಂಧವನ್ನು ಕಂಡಿತು.

ಭರಣಕ್ಕೂ ಸಂಬಂಧಕ್ಕೂ ಇರುವ ಈ ಅಂತರವನ್ನು ಕಾವ್ಯದಲ್ಲಿ ಮಾತ್ರವಲ್ಲದೆ ನಿತ್ಯವ್ಯವಹಾರದಲ್ಲಿ ಕಂಡುಕೊಂಡು, ಅದರ ಮೇಲೆ ಶಿಶುಪಾಲನೆಯ ಒಂದು ಪದ್ಧತಿಯನ್ನೇ ಕಟ್ಟಿದ ಚರಿತ್ರೆಯು ಯೂರೋಪಿನದು. ಈಗ ಪಾಶ್ಚಾತ್ಯ ದೇಶಗಳಲ್ಲಿ ಮಕ್ಕಳ ಮತ್ತು ತರುಣರ ಪಾಲನೆಯನ್ನೇ ವೃತ್ತಿಯಾಗಿ ಉಳ್ಳವರು ‘ಸಂಬಂಧಮೂಲವಾದ ಪಾಲನೆ’ ಎಂಬ ಮಾತನ್ನು ಪರಿಭಾಷೆಯಾಗಿ ಬಳಸುತ್ತಾರೆ. ಪಾಲಕನಿಗೂ ಮಗುವಿಗೂ ನಡುವೆ ಬೆಳೆಯುವ ನಂಟೇ ಮುಖ್ಯವಾದ ಉಪಕರಣ, ಮಿಕ್ಕುದೆಲ್ಲ ಅದರ ಅಂಗ ಎಂಬುದು ಅದರ ತಾತ್ಪರ್ಯ. ಈ ಸಿದ್ಧಾಂತವು ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಅದರ ನಾಲ್ಕು ಘಟ್ಟಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸಿ, ಪ್ರೀತಿಯೊಂದೇ ಸಾಕೇ ಎಂಬ ಪ್ರಶ್ನೆಗೆ ಆ ಚರಿತ್ರೆಯು ಕೊಡುವ ಉತ್ತರವೇನೆಂಬುದನ್ನು ವಿಚಾರಿಸುವೆವು.

೨. ಸ್ಟಾನ್ಸಿನ ಐದು ತಿಂಗಳುಗಳು

ಯೋಹಾನ್ ಹೈನ್ರಿಖ್ ಪೆಸ್ಟಲೋಜಿಯು ೧೭೪೬ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಜನಿಸಿದನು. ಬಡಮಕ್ಕಳಿಗೆ ಕೆಲಸವನ್ನೂ ವಿದ್ಯೆಯನ್ನೂ ಒಟ್ಟಿಗೆ ಕಲಿಸಬೇಕೆಂದು ನೊಯ್‌ಹೋಫ್ ಎಂಬಲ್ಲಿ ೧೭೭೪ರಲ್ಲಿ ಆತನು ತೊಡಗಿದ ಪ್ರಯತ್ನವು ಸಾಲದ ಭಾರದಿಂದ ೧೭೮೦ರಲ್ಲಿ ಮುರಿದುಬಿದ್ದಿತು. ಆಮೇಲೆ ಹದಿನೆಂಟು ವರ್ಷಗಳ ಕಾಲ ಆತನು ಗ್ರಂಥಕರ್ತನೆಂದು ಹೆಸರಾದನೇ ಹೊರತು, ಮಕ್ಕಳ ನಡುವೆ ಕೆಲಸಮಾಡುವ ಅವಕಾಶವು ಒದಗಲಿಲ್ಲ.

೧೭೯೮ರ ಸೆಪ್ಟೆಂಬರ್ ೯ರಂದು ಫ್ರೆಂಚ್ ಸೈನ್ಯವು ನಿಡ್ವಾಲ್ಡನ್ ಪ್ರಾಂತದ ದಂಗೆಯನ್ನು ಅತ್ಯಂತ ಕ್ರೂರವಾಗಿ ಅಡಗಿಸಿತು. ನೂರಾರು ಜನರು ಹತರಾದರು; ಮನೆಗಳು ಸುಟ್ಟುಹೋದುವು; ಮಕ್ಕಳು ಬೀದಿಯ ಪಾಲಾದರು. ಸ್ಟಾನ್ಸ್ ಪಟ್ಟಣದಲ್ಲಿ ಸಂನ್ಯಾಸಿನಿಯರ ಮಠವೊಂದರ ಕಟ್ಟಡದಲ್ಲಿ ಅನಾಥಗೃಹವನ್ನು ತೆರೆಯುವುದಕ್ಕೆ ಹೊಸ ಸರ್ಕಾರವು ಪೆಸ್ಟಲೋಜಿಯನ್ನು ಕಳುಹಿಸಿತು. ೧೭೯೯ರ ಜನವರಿಯಲ್ಲಿ ಮಕ್ಕಳು ಬಂದರು. ಕೆಲವೇ ವಾರಗಳಲ್ಲಿ ಅವರ ಸಂಖ್ಯೆಯು ಎಂಬತ್ತಕ್ಕೆ ಹತ್ತಿರವಾಯಿತು. ಅವರ ಮೈಯಲ್ಲಿ ಕಜ್ಜಿ, ತಲೆಯಲ್ಲಿ ಹುಣ್ಣು. ಬಟ್ಟೆಯೆಂದರೆ ಹೇನು ತುಂಬಿದ ಚಿಂದಿ. ಕೆಲವರು ಬರಿಯ ಎಲುಬಿನ ಗೂಡುಗಳಂತಿದ್ದರು; ಕೆಲವರಿಗೆ ಭಿಕ್ಷಾಟನೆಯಿಂದ ಕಪಟವು ಅಭ್ಯಾಸವಾಗಿತ್ತು. ಅವರನ್ನು ನೋಡಿಕೊಳ್ಳುವುದಕ್ಕೆ ಐವತ್ತಮೂರು ವರ್ಷದ ಈತನೊಬ್ಬನು, ಮನೆಗೆಲಸಕ್ಕೆ ಒಬ್ಬ ಹೆಂಗಸು, ಇಷ್ಟೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆ ಪ್ರಾಂತದವರು ರೋಮನ್ ಕ್ಯಾಥೊಲಿಕರು, ಪೆಸ್ಟಲೋಜಿಯು ಪ್ರಾಟೆಸ್ಟಂಟನು. ಅಷ್ಟುಮಾತ್ರವಲ್ಲದೆ, ತಮ್ಮವರ ಕೊಲೆಗೆ ಕಾರಣವಾದ ಸರ್ಕಾರವೇ ಅವನನ್ನು ಕಳುಹಿಸಿತ್ತು. ಉಳಿದಿದ್ದ ಬಂಧುಗಳು ಬಂದು ಮಕ್ಕಳನ್ನು ಹುರಿದುಂಬಿಸಿ ಕರೆದುಕೊಂಡುಹೋಗುತ್ತಿದ್ದರು. ಅಧಿಕಾರದಿಂದಾಗಲಿ, ಉಪದೇಶದಿಂದಾಗಲಿ ಆ ಮಕ್ಕಳ ವಿಶ್ವಾಸವನ್ನು ಪಡೆಯುವುದು ಅಸಾಧ್ಯವಾಗಿತ್ತು. ಆದುದರಿಂದ ಆತನು ಕೊಡಬಹುದಾದುದು ತನ್ನ ಸಾನ್ನಿಧ್ಯವೊಂದೇ. ಬೆಳಗಿನಿಂದ ರಾತ್ರಿಯವರೆಗೆ ಅವರ ನಡುವೆಯೇ ಇದ್ದನು. ಅವರ ಊಟವೇ ತನ್ನ ಊಟ. ಅವರ ನೋವಿಗೆ ತಾನೇ ಉಪಚಾರಕ. ಅವರ ನಡುವೆಯೇ ಹಾಸಿಗೆ. ಎಲ್ಲರಿಗಿಂತ ಕಡೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವನು. ಮಲಗಿದ ಮೇಲೂ ಅವರಿಗೆ ನಿದ್ದೆ ಬರುವವರೆಗೆ ಮಾತನಾಡುತ್ತಿರುವನು. ನಮ್ಮಲ್ಲಿ ಶಿಷ್ಯನಿಗೆ ‘ಅಂತೇವಾಸಿ’ ಎಂದು ಹೆಸರು. ಗುರುವಿನ ಸಮೀಪದಲ್ಲಿ ವಾಸಿಸುವವನೆಂದು ಅದರ ಅರ್ಥ. ಸ್ಟಾನ್ಸಿನಲ್ಲಿ ಗುರುವೇ ಅಂತೇವಾಸಿಯಾದನೆಂದು ಹೇಳಬಹುದು.

ಇದರ ಫಲವು ಏಪ್ರಿಲ್ ವೇಳೆಗೆ ಕಂಡುಬಂದಿತು. ನೆರೆಯ ಆಲ್ಟ್‌ಡಾರ್ಫ್ ಪಟ್ಟಣವು ಬೆಂಕಿಗೆ ಆಹುತಿಯಾದಾಗ ಪೆಸ್ಟಲೋಜಿಯು ಮಕ್ಕಳನ್ನು ಸುತ್ತಲೂ ಕುಳ್ಳಿರಿಸಿಕೊಂಡು, ಅಲ್ಲಿ ನಿರ್ಗತಿಕರಾದ ಇಪ್ಪತ್ತು ಮಕ್ಕಳನ್ನು ಇಲ್ಲಿಗೆ ಕರೆಯೋಣವೇ ಎಂದು ಕೇಳಿದನು. ಅವರೆಲ್ಲರೂ ಸಂತೋಷದಿಂದ ಒಪ್ಪಿದರು. ಆತನು ಅಷ್ಟಕ್ಕೆ ಬಿಡಲಿಲ್ಲ. ಹಣವು ಕಡಮೆ, ಅವರು ಬಂದರೆ ನಿಮಗೆ ಊಟವು ಕಡಮೆಯಾಗುವುದು, ಕೆಲಸವು ಹೆಚ್ಚುವುದು, ಬಟ್ಟೆಯನ್ನು ಹಂಚಿಕೊಳ್ಳಬೇಕಾಗುವುದು, ಯೋಚಿಸಿ ಹೇಳಿರಿ ಎಂದು ತಿಳಿಯಹೇಳಿದನು. ಮಕ್ಕಳು ಮತ್ತೆ ಒಪ್ಪಿದರು. ನಾಲ್ಕು ತಿಂಗಳ ಹಿಂದೆ ಒಂದು ತುತ್ತಿಗೆ ಕಾದಾಡುತ್ತಿದ್ದವರು ಇವರೇ ಎಂಬುದನ್ನು ನೆನೆದರೆ ಇದರ ಮಹತ್ತ್ವವು ತಿಳಿಯುವುದು. ಉಪದೇಶದಿಂದ ಇದು ಆಗಲಿಲ್ಲ. ತಮ್ಮೊಡನೆ ಒಬ್ಬನು ಅನ್ನವನ್ನು ಹಂಚಿಕೊಂಡುದನ್ನು ಅವರು ಕಣ್ಣಾರೆ ಕಂಡಿದ್ದರು.

ಆದರೆ ಈ ಘಟ್ಟದಲ್ಲಿ ಎರಡು ನ್ಯೂನತೆಗಳಿದ್ದುವೆಂಬುದನ್ನು ಮರೆಮಾಚಲಾಗದು. ಮೊದಲನೆಯದಾಗಿ, ತಾನು ಮಕ್ಕಳನ್ನು ಹೊಡೆದುದುಂಟೆಂದು ಪೆಸ್ಟಲೋಜಿಯೇ ಸ್ಟಾನ್ಸನ್ನು ಕುರಿತ ತನ್ನ ಪತ್ರದಲ್ಲಿ ಒಪ್ಪಿಕೊಂಡಿರುವನು. ದಿನವೆಲ್ಲ ಪ್ರೀತಿಯನ್ನು ಕಂಡ ಮಕ್ಕಳು ಆ ಏಟನ್ನು ತಪ್ಪಾಗಿ ತಿಳಿಯಲಾರರೆಂಬುದು ಆತನ ಸಮಾಧಾನ. ಸಮಾಧಾನವು ಸತ್ಯವಾಗಿದ್ದರೂ ಇರಬಹುದು, ಆದರೆ ಅದನ್ನು ನಿರ್ಣಯಿಸಿದವನು ಹೊಡೆದವನೇ, ಹೊಡೆಸಿಕೊಂಡವನಲ್ಲ. ಎರಡನೆಯದಾಗಿ, ಎಲ್ಲವೂ ಒಂದೇ ದೇಹದ ಮೇಲೆ ನಿಂತಿತ್ತು. ಜೂನ್ ತಿಂಗಳಲ್ಲಿ ಫ್ರೆಂಚ್ ಸೈನ್ಯವು ಕಟ್ಟಡವನ್ನು ಆಸ್ಪತ್ರೆಗಾಗಿ ತೆಗೆದುಕೊಂಡಾಗ ಬಹುಮಂದಿ ಮಕ್ಕಳನ್ನು ಕಳುಹಿಸಿಬಿಡಬೇಕಾಯಿತು. ಪೆಸ್ಟಲೋಜಿಯು ರಕ್ತ ಕಾರುತ್ತಾ ವಿಶ್ರಾಂತಿಗಾಗಿ ಬೆಟ್ಟದ ಪ್ರದೇಶಕ್ಕೆ ಹೋದನು. ಬುರ್ಗ್‌ಡಾರ್ಫ್ ಮತ್ತು ಇವರ್ಡನ್‌ಗಳಲ್ಲಿ ಆತನು ಆಮೇಲೆ ನಡೆಸಿದ ಶಾಲೆಗಳಿಂದ ಜಗತ್ಪ್ರಸಿದ್ಧನಾದನು. ಆದರೆ ಆ ಪ್ರಸಿದ್ಧಿಯು ಬೋಧನಪದ್ಧತಿಗೆ ಸೇರಿದುದು. ಪಾಲನೆಯ ಬೀಜವು ಬಿದ್ದುದು ಆ ಐದು ತಿಂಗಳುಗಳಲ್ಲಿಯೇ.

೩. ಕುಟುಂಬವೆಂಬ ಹೆಸರು

ಒಬ್ಬನಿಂದ ಎಂಬತ್ತು ಮಕ್ಕಳ ಪಾಲನೆಯು ಸಾಧ್ಯವಲ್ಲವೆಂದಾದರೆ, ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಹಂಚಬೇಕೆಂಬುದು ಸಹಜವಾಗಿಯೇ ತೋರುತ್ತದೆ. ೧೮೩೩ರಲ್ಲಿ ಹ್ಯಾಂಬರ್ಗ್ ನಗರದ ಹೊರವಲಯದಲ್ಲಿ ಯೋಹಾನ್ ಹಿನ್ರಿಖ್ ವಿಖರ್ನನು ತೆರೆದ ‘ರೌಹೆಸ್ ಹೌಸ್’ ಎಂಬ ಆಶ್ರಯದಲ್ಲಿ ಇದನ್ನು ಕಾರ್ಯರೂಪಕ್ಕೆ ತಂದರು. ಸುಮಾರು ಹನ್ನೆರಡು ಮಕ್ಕಳಿಗೆ ಒಂದು ಮನೆ; ಅವರೊಡನೆ ವಾಸಿಸುವ ಒಬ್ಬ ‘ಅಣ್ಣ’. ಸುತ್ತುಗೋಡೆಯಿಲ್ಲ, ಬೀಗವಿಲ್ಲ, ಬಂದ ಹುಡುಗನ ಹಿಂದಿನ ಅಪರಾಧಗಳನ್ನು ಎತ್ತಿ ಆಡುವಂತಿಲ್ಲ. ಆ ‘ಅಣ್ಣ’ಂದಿರಿಗೆ ಶಿಕ್ಷಣವನ್ನು ಕೊಟ್ಟು ಬೇರೆ ಸ್ಥಳಗಳಿಗೂ ಕಳುಹಿಸುತ್ತಿದ್ದುದರಿಂದ, ಮಕ್ಕಳೊಡನೆ ಬಾಳುವುದೇ ಒಂದು ವೃತ್ತಿಯೆಂಬ ಭಾವನೆಗೆ ಇಲ್ಲಿ ಅಂಕುರಾರ್ಪಣವಾಯಿತು.

ಇದನ್ನು ನೋಡಿಹೋದವರಲ್ಲಿ ಫ್ರಾನ್ಸಿನ ನ್ಯಾಯಾಧಿಕಾರಿಯಾದ ಡೆಮೆಟ್ಸ್ ಎಂಬವನೊಬ್ಬನು. ಅವನು ಟೂರ್ ನಗರದ ಬಳಿಯ ಮೆಟ್ರೆಯಲ್ಲಿ ಸ್ಥಾಪಿಸಿದ ಕೃಷಿಕೇಂದ್ರವು ೧೮೪೦ರಲ್ಲಿ ಆರಂಭವಾಯಿತು. ಅಲ್ಲಿಯೂ ‘ಕುಟುಂಬ’ಗಳಿದ್ದುವು, ಆದರೆ ಕುಟುಂಬವೊಂದಕ್ಕೆ ಸುಮಾರು ನಲವತ್ತು ಹುಡುಗರು. ಸೈನ್ಯದ ಕ್ರಮ, ತುತ್ತೂರಿಯ ಶಬ್ದ, ಶಿಕ್ಷೆಯ ಕೋಣೆ ಇವು ಅದರ ನಿತ್ಯಜೀವನವಾದುವು. ಆರಂಭದಲ್ಲಿ ಯೂರೋಪಿನಾದ್ಯಂತ ಶ್ಲಾಘನೆಯನ್ನು ಪಡೆದ ಈ ಸಂಸ್ಥೆಯು ಕಾಲಕ್ರಮದಲ್ಲಿ ಮಕ್ಕಳ ಸೆರೆಮನೆಯೆಂಬ ಅಪಕೀರ್ತಿಗೆ ಪಾತ್ರವಾಗಿ ಇಪ್ಪತ್ತನೆಯ ಶತಮಾನದ ನಾಲ್ಕನೆಯ ದಶಕದಲ್ಲಿ ಮುಚ್ಚಿಹೋಯಿತು. ಫ್ರೆಂಚ್ ತತ್ತ್ವಜ್ಞನಾದ ಮಿಷೆಲ್ ಫೂಕೋವು ೧೯೭೫ರಲ್ಲಿ ಪ್ರಕಟವಾದ, ದಂಡನೆಯ ಚರಿತ್ರೆಯನ್ನು ಕುರಿತ ಗ್ರಂಥದಲ್ಲಿ, ಆಧುನಿಕ ಕಾರಾಗೃಹವ್ಯವಸ್ಥೆಯು ಪೂರ್ಣವಾದ ದಿನವೆಂದು ಮೆಟ್ರೆಯು ತೆರೆದ ದಿನವನ್ನೇ ಆರಿಸಿಕೊಂಡಿರುವನು.

ಹ್ಯಾಂಬರ್ಗಿನಿಂದ ಮೆಟ್ರೆಗೆ ಹೋದುದು ಹೆಸರು. ಹೋಗದೆ ಉಳಿದುದು ಸಾಮೀಪ್ಯ. ಹನ್ನೆರಡು ಮಂದಿಯ ಮುಖವನ್ನು ಒಬ್ಬನು ಅರಿಯಬಲ್ಲನು. ನಲವತ್ತು ಮಂದಿಯ ಸಾಲನ್ನು ಎಣಿಸಬಲ್ಲನು. ಅರಿಯುವುದಕ್ಕೂ ಎಣಿಸುವುದಕ್ಕೂ ಇರುವ ವ್ಯತ್ಯಾಸವೇ ಇವೆರಡು ಸಂಸ್ಥೆಗಳ ವ್ಯತ್ಯಾಸ.

೪. ವಿಯೆನ್ನಾದ ವಿವೇಕ

ಮೂರನೆಯ ಘಟ್ಟವು ಆಸ್ಟ್ರಿಯಾ ದೇಶದ್ದು. ಮೊದಲನೆಯ ಮಹಾಯುದ್ಧವು ಮುಗಿಯುವ ಕಾಲದಲ್ಲಿ, ೧೯೧೮ರಲ್ಲಿ, ಓಬರ್‌ಹೊಲ್ಲಾಬ್ರುನ್ ಎಂಬಲ್ಲಿ ನಿರಾಶ್ರಿತರ ಹಳೆಯ ಬಿಡಾರಗಳಲ್ಲಿ ದಾರಿತಪ್ಪಿದ ಬಾಲಕರ ಆಶ್ರಯವೊಂದನ್ನು ಔಗುಸ್ಟ್ ಐಖ್‌ಹಾರ್ನನು ವಹಿಸಿಕೊಂಡನು. ಪೂರ್ವದಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದ ಈತನು ಫ್ರಾಯ್ಡನ ಮನೋವಿಶ್ಲೇಷಣಶಾಸ್ತ್ರವನ್ನು ಅಭ್ಯಾಸಮಾಡಿದನು. ೧೯೨೫ರಲ್ಲಿ ಪ್ರಕಟವಾದ ಈತನ ಗ್ರಂಥಕ್ಕೆ ಫ್ರಾಯ್ಡನೇ ಮುನ್ನುಡಿಯನ್ನು ಬರೆದಿರುವನು.

ಯಾವ ಗುಂಪಿನಲ್ಲಿಯೂ ಹೊಂದದ, ಚೂರಿಯನ್ನೆತ್ತಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಹನ್ನೆರಡು ಮಂದಿ ಹುಡುಗರನ್ನು ಐಖ್‌ಹಾರ್ನನು ಪ್ರತ್ಯೇಕವಾಗಿ ಇರಿಸಿದನು. ಅವರು ಎಷ್ಟು ರೇಗಿದರೂ ಪ್ರತಿಯಾಗಿ ರೇಗದೆ, ಅಪಾಯವಾಗದಂತೆ ಮಾತ್ರ ನೋಡಿಕೊಳ್ಳಬೇಕೆಂದು ಜೊತೆಯ ಕೆಲಸಗಾರರಿಗೆ ತಿಳಿಸಿದನು. ಹುಡುಗರು ಮೇಜು, ಕಿಟಕಿ, ಬಾಗಿಲುಗಳನ್ನು ಮುರಿದರು, ಏಟು ಬೀಳಲಿಲ್ಲ. ಕಾಯುತ್ತಿದ್ದ ಏಟು ಬೀಳದೆ ಹೋದಾಗ ಅವರ ಆರ್ಭಟವು ಇನ್ನಷ್ಟು ಹೆಚ್ಚಿತು, ಆಮೇಲೆ ಅದು ಬರಿಯ ನಟನೆಯಾಯಿತು, ಕೊನೆಗೆ ಅಳುವಾಯಿತು. ಅಲ್ಲಿಂದ ಮುಂದೆ ಅವರಿಗೂ ಪಾಲಕರಿಗೂ ನಂಟು ಬೆಳೆಯಿತು. ಲೋಕವೆಲ್ಲ ತಮಗೆ ಶತ್ರುವೆಂದು ಬಾಲ್ಯದಿಂದ ಕಲಿತವರಿಗೆ, ಹಾಗಲ್ಲವೆಂದು ಮಾತಿನಿಂದ ಹೇಳಿದರೆ ಸಾಲದು. ಶತ್ರುವಾಗಲು ನಿರಾಕರಿಸುವ ಒಬ್ಬ ಮನುಷ್ಯನು ಅವರ ಎದುರಿಗೆ ನಿಲ್ಲಬೇಕು. ಪೆಸ್ಟಲೋಜಿಯಲ್ಲಿ ಹೃದಯದ ಒತ್ತಡದಿಂದ ಆದುದು ಇಲ್ಲಿ ವಿವೇಕದಿಂದ ಆಯಿತು. ಸಂಬಂಧವು ತಾನಾಗಿ ಒದಗಿಬರುವ ಭಾಗ್ಯವಲ್ಲ, ತಿಳಿದು ಕಟ್ಟತಕ್ಕ ಕಾರ್ಯವೆಂದು ತೋರಿಸಿದುದು ಐಖ್‌ಹಾರ್ನನ ಹೆಚ್ಚುಗಾರಿಕೆ. ಈತನಿಂದ ಪ್ರಭಾವಿತನಾದ ಫ್ರಿಟ್ಸ್ ರೆಡ್ಲನು ಅಮೆರಿಕಾಕ್ಕೆ ಹೋಗಿ ಡೆಟ್ರಾಯ್ಟ್ ನಗರದಲ್ಲಿ ಇದನ್ನೇ ಮುಂದುವರಿಸಿದನು. ಚಿಕಿತ್ಸಕನು ಮಗುವನ್ನು ನೋಡುವ ಒಂದು ಗಂಟೆಗಿಂತ ಊಟ, ಆಟ, ನಿದ್ದೆಗಳ ಮಿಕ್ಕ ಇಪ್ಪತ್ತಮೂರು ಗಂಟೆಗಳೇ ಮುಖ್ಯವೆಂದು ಹೆಸರಿನಲ್ಲಿಯೇ ಸೂಚಿಸುವ ಗ್ರಂಥವೊಂದು ೧೯೬೯ರಲ್ಲಿ ಅಮೆರಿಕಾದಲ್ಲಿ ಹೊರಬಂದುದು ಈ ಪರಂಪರೆಯಲ್ಲಿಯೇ.

೫. ವಾರ್ಸಾದ ಅನಾಥಗೃಹ

ಸಾಮೀಪ್ಯವಾಯಿತು, ಚಿಕ್ಕ ಗುಂಪಾಯಿತು, ವಿವೇಕವಾಯಿತು. ಆದರೂ ಸ್ಟಾನ್ಸಿನ ಮೊದಲನೆಯ ನ್ಯೂನತೆಯು ಹಾಗೆಯೇ ಉಳಿದಿತ್ತು. ಪ್ರೀತಿಸುವವನೇ ತಪ್ಪುಮಾಡಿದರೆ ಮಗುವು ಯಾರನ್ನು ಕೇಳಬೇಕು? ಇದಕ್ಕೆ ಉತ್ತರವನ್ನು ಹುಡುಕಿದವನು ಪೋಲೆಂಡಿನ ಯಾನುಷ್ ಕೋರ್ಚಾಕನು.

ಈತನ ನಿಜನಾಮಧೇಯವು ಹೆನ್ರಿಕ್ ಗೋಲ್ಡ್‌ಷ್ಮಿಟ್. ಕೋರ್ಚಾಕ್ ಎಂಬುದು ಕಾವ್ಯನಾಮ. ವಾರ್ಸಾ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿ, ವೈದ್ಯವಿದ್ಯೆಯನ್ನು ಕಲಿತು, ಮಕ್ಕಳ ಆಸ್ಪತ್ರೆಯಲ್ಲಿ ಏಳು ವರ್ಷ ಕೆಲಸಮಾಡಿದವನು. ಅದನ್ನು ಬಿಟ್ಟು, ೧೯೧೨ರಲ್ಲಿ ಕ್ರೊಖ್ಮಾಲ್ನಾ ಬೀದಿಯ ೯೨ನೆಯ ಸಂಖ್ಯೆಯ ಮನೆಯಲ್ಲಿ ಆರಂಭವಾದ ಯೆಹೂದಿ ಮಕ್ಕಳ ಅನಾಥಗೃಹದ ಮುಖ್ಯಸ್ಥನಾದನು. ಸುಮಾರು ನೂರು ಮಕ್ಕಳು ಅಲ್ಲಿದ್ದರು. ಸ್ಟೆಫಾನಿಯಾ ವಿಲ್ಚಿನ್ಸ್ಕಾ ಎಂಬಾಕೆಯು ಆರಂಭದಿಂದಲೂ ಈತನ ಸಹೋದ್ಯೋಗಿನಿ. ಮೊದಲನೆಯ ಮಹಾಯುದ್ಧದಲ್ಲಿ ಕೋರ್ಚಾಕನು ಸೈನ್ಯದ ವೈದ್ಯನಾಗಿ ಹೋಗಬೇಕಾದಾಗ ಗೃಹವನ್ನು ನಡೆಸಿದವಳು ಈಕೆಯೇ. ಗ್ರಂಥಗಳನ್ನು ಬರೆದವನ ಹೆಸರು ಉಳಿಯಿತು. ದಿನದಿನದ ಲೆಕ್ಕ, ಬಟ್ಟೆ, ಜ್ವರಗಳನ್ನು ನೋಡಿಕೊಂಡವಳ ಹೆಸರು ಹಿಂದೆ ಸರಿಯಿತು. ಸ್ಟಾನ್ಸಿನ ಗೃಹವು ಒಂದೇ ದೇಹವನ್ನು ಅವಲಂಬಿಸಿದುದರಿಂದ ಐದು ತಿಂಗಳಿಗೆ ಮುಗಿಯಿತೆಂಬುದನ್ನು ನೆನೆದರೆ, ವಾರ್ಸಾದ ಗೃಹವು ಮೂವತ್ತು ವರ್ಷ ಬಾಳಿದುದರಲ್ಲಿ ಈಕೆಯ ಪಾಲೆಷ್ಟೆಂಬುದು ತಿಳಿಯುವುದು.

ಆ ಗೃಹದ ನಡವಳಿಕೆಗಳು ನೋಡುವುದಕ್ಕೆ ಅಲ್ಪವಾದರೂ ಅರ್ಥವತ್ತಾಗಿದ್ದುವು. ಹೊಸದಾಗಿ ಬಂದ ಮಗುವಿಗೆ ಮೊದಲ ಮೂರು ತಿಂಗಳು ದೊಡ್ಡ ಮಗುವೊಂದು ಪೋಷಕನಾಗಿರುವುದು. ಬಾಯಿಬಿಟ್ಟು ಹೇಳಲಾರದುದನ್ನು ಬರೆದು ಹಾಕುವುದಕ್ಕೆ ಒಂದು ಅಂಚೆಪೆಟ್ಟಿಗೆ. ಬಿದ್ದ ಹಾಲುಹಲ್ಲನ್ನು ಕೋರ್ಚಾಕನು ಕಾಸುಕೊಟ್ಟು ಕೊಳ್ಳುವನು. ಈ ವಾರ ಇಷ್ಟೇ ಸಲ ಜಗಳವಾಡುವೆನೆಂದು ಮಗುವು ಅವನೊಡನೆ ಪಂತವನ್ನು ಕಟ್ಟಬಹುದು, ಗೆದ್ದರೆ ಮಿಠಾಯಿ. ಜಗಳವೇ ಬೇಡವೆಂದು ಆತನು ಹೇಳಲಿಲ್ಲ. ಮಗುವು ತನ್ನ ಶಕ್ತಿಯನ್ನು ತಾನೇ ಅಳೆದುಕೊಳ್ಳಲೆಂದು ಬಿಟ್ಟನು.

ಇವೆಲ್ಲಕ್ಕಿಂತಲೂ ವಿಶೇಷವಾದುದು ಮಕ್ಕಳ ನ್ಯಾಯಸ್ಥಾನ. ಆ ವಾರದಲ್ಲಿ ಯಾವ ವ್ಯಾಜ್ಯಕ್ಕೂ ಸೇರದ ಮಕ್ಕಳಲ್ಲಿ ಚೀಟಿಯೆತ್ತಿ ಐವರು ನ್ಯಾಯಾಧೀಶರನ್ನು ಆರಿಸುವರು. ಯಾವ ಮಗುವಾದರೂ ಯಾರ ಮೇಲಾದರೂ ದೂರನ್ನು ಕೊಡಬಹುದು. ಕೋರ್ಚಾಕನು ರಚಿಸಿದ ಧರ್ಮಸಂಹಿತೆಯಲ್ಲಿ ಮೊದಲನೆಯ ತೊಂಬತ್ತೊಂಬತ್ತು ವಿಧಿಗಳೂ ಬಿಡುಗಡೆಗೂ ಕ್ಷಮೆಗೂ ಸೇರಿದುವು: ತಿಳಿಯದೆ ಮಾಡಿದನು, ಮೊದಲ ಸಲ ಮಾಡಿದನು, ಪಶ್ಚಾತ್ತಾಪಪಟ್ಟನು ಎಂಬಿವೇ ಮೊದಲಾದ ಕಾರಣಗಳಿಂದ. ಆಮೇಲೆ ನೂರರಿಂದ ನೂರು ನೂರರಂತೆ ಸಾವಿರದವರೆಗೆ ಖಂಡನೆಯ ವಿಧಿಗಳು. ಸಾವಿರದ ವಿಧಿಯೆಂದರೆ ಗೃಹದಿಂದ ಹೊರಗೆ ಹಾಕುವುದು. ಅದಕ್ಕೆ ಹಿಂದಿನ ಒಂಬೈನೂರನೆಯ ವಿಧಿಯು ವಿಚಾರಾರ್ಹವಾದುದು. ಈ ಮಗುವಿನಲ್ಲಿ ನಮಗೆ ನಂಬಿಕೆಯು ಹೋಯಿತೆಂದು ನ್ಯಾಯಸ್ಥಾನವು ಹೇಳಿದ ಮೇಲೂ, ಯಾವನೊಬ್ಬನು ಅವನಿಗಾಗಿ ಹೊಣೆಯಾಗಿ ನಿಂತರೆ ಅವನು ಉಳಿಯಬಹುದು. ಎಲ್ಲರೂ ಕೈಬಿಟ್ಟವನನ್ನು ಕೈಹಿಡಿಯುವುದಕ್ಕೆ ಒಬ್ಬನು ಸಾಕು. ನಾಥಶಬ್ದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಕಾಣೆವು.

ಆ ನ್ಯಾಯಸ್ಥಾನದ ಮುಂದೆ ದೊಡ್ಡವರೂ ನಿಲ್ಲಬೇಕಾಗಿದ್ದಿತು. ಅರ್ಧವರ್ಷದಲ್ಲಿ ತಾನು ಐದು ಸಲ ಅಲ್ಲಿ ಅಪರಾಧಿಯಾಗಿ ನಿಂತುದನ್ನು ಕೋರ್ಚಾಕನು ಮಗುವನ್ನು ಪ್ರೀತಿಸುವ ಬಗೆಯನ್ನು ಕುರಿತ ತನ್ನ ಗ್ರಂಥದಲ್ಲಿ ವಿವರಿಸಿರುವನು. ಒಬ್ಬ ಹುಡುಗನ ಕಿವಿಗೆ ಹೊಡೆದುದು, ಒಬ್ಬನನ್ನು ಮಲಗುವ ಕೋಣೆಯಿಂದ ಹೊರಗೆ ನೂಕಿದುದು, ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದುದು, ಒಬ್ಬ ನ್ಯಾಯಾಧೀಶನನ್ನು ಅವಮಾನಿಸಿದುದು, ಒಬ್ಬ ಹುಡುಗಿಯು ಕದ್ದಳೆಂದು ಸಂಶಯಪಟ್ಟುದು, ಇವೇ ಆ ಐದು ಅಪರಾಧಗಳು. ಈ ಮೊಕದ್ದಮೆಗಳೇ ತನ್ನನ್ನು ಹೊಸ ಬಗೆಯ ಶಿಕ್ಷಕನನ್ನಾಗಿ ಮಾಡಿದುವೆಂಬುದು ಆತನ ಅಭಿಪ್ರಾಯ. ನ್ಯಾಯಸ್ಥಾನವು ದೋಷರಹಿತವಾಗಿದ್ದಿತೆಂದು ತಿಳಿಯಬಾರದು. ಮಕ್ಕಳು ಅದನ್ನು ಹಗುರವಾಗಿ ಕಂಡುದರಿಂದ ಕೆಲಕಾಲ ನಿಲ್ಲಿಸಬೇಕಾಗಿಯೂ ಬಂದಿತು. ಆ ವೈಫಲ್ಯವನ್ನೂ ಆತನು ಮರೆಮಾಡದೆ ಬರೆದಿರುವನು.

ಪೆಸ್ಟಲೋಜಿಯ ಏಟಿಗೂ ಕೋರ್ಚಾಕನ ಏಟಿಗೂ ಇರುವ ಭೇದವನ್ನು ಇಲ್ಲಿ ನೋಡಬೇಕು. ಇಬ್ಬರೂ ಹೊಡೆದರು, ಇಬ್ಬರೂ ಪ್ರೀತಿಸಿದರು. ಒಬ್ಬನು ತನ್ನ ಪ್ರೀತಿಯನ್ನೇ ಸಾಕ್ಷಿಯಾಗಿ ಕರೆದು ತನ್ನನ್ನು ತಾನೇ ಕ್ಷಮಿಸಿಕೊಂಡನು. ಇನ್ನೊಬ್ಬನು ಕ್ಷಮಿಸುವ ಅಧಿಕಾರವನ್ನು ಹೊಡೆಸಿಕೊಂಡವರ ಕೈಗೆ ಕೊಟ್ಟನು.

೬. ೧೯೪೨

೧೯೪೦ರ ನವೆಂಬರಿನಲ್ಲಿ ಜರ್ಮನರು ವಾರ್ಸಾದ ಯೆಹೂದಿಗಳನ್ನು ಗೋಡೆ ಕಟ್ಟಿದ ಕೇರಿಯೊಳಗೆ ಕೂಡಿಹಾಕಿದಾಗ ಗೃಹವೂ ಅಲ್ಲಿಗೆ ಹೋಗಬೇಕಾಯಿತು. ಮಕ್ಕಳ ಸಂಖ್ಯೆಯು ಸುಮಾರು ಇನ್ನೂರಕ್ಕೆ ಏರಿತು, ಅನ್ನವು ಇಳಿಯಿತು. ೧೯೪೨ರ ಜುಲೈ ೧೮ರಂದು ಆ ಮಕ್ಕಳು ಒಂದು ನಾಟಕವನ್ನು ಅಭಿನಯಿಸಿದರು. ಅದು ರವೀಂದ್ರನಾಥ ಠಾಕೂರರ ‘ಡಾಕ್‌ಘರ್’. ಅದರ ನಾಯಕನಾದ ಅಮಲನು ಸಾಕುಮಗು. ಮಾಧವನೆಂಬ ಗೃಹಸ್ಥನ ಮನೆಯಲ್ಲಿ ಬೆಳೆಯುತ್ತಿರುವವನು. ರೋಗದಿಂದ ಕೋಣೆಯೊಳಗೇ ಇರಬೇಕಾದವನು. ಕಿಟಕಿಯಿಂದ ಲೋಕವನ್ನು ನೋಡುತ್ತಾ ರಾಜನ ಓಲೆಗಾಗಿ ಕಾಯುವವನು. ಗೋಡೆಯೊಳಗೆ ಸಿಕ್ಕಿದ ಅನಾಥಮಕ್ಕಳು ವಂಗದೇಶದ ಈ ಮಗುವಿನ ಪಾತ್ರವನ್ನು ತಮ್ಮದಾಗಿ ಮಾಡಿಕೊಂಡರೆಂಬುದು ಭಾರತೀಯ ಸಾಹಿತ್ಯದ ಚರಿತ್ರೆಯಲ್ಲಿಯೂ ನೆನೆಯತಕ್ಕ ಸಂಗತಿ.

ನಾಲ್ಕು ದಿನಗಳ ಮೇಲೆ, ಜುಲೈ ೨೨ರಂದು, ಕೇರಿಯ ಜನರನ್ನು ಟ್ರೆಬ್ಲಿಂಕಾ ಎಂಬ ವಧಸ್ಥಾನಕ್ಕೆ ಸಾಗಿಸುವ ಕಾರ್ಯವು ಮೊದಲಾಯಿತು. ಆಗಸ್ಟಿನ ಮೊದಲನೆಯ ವಾರದಲ್ಲಿ ಗೃಹದ ಮಕ್ಕಳ ಸರದಿಯು ಬಂದಿತು. ತಪ್ಪಿಸಿಕೊಳ್ಳುವುದಕ್ಕೆ ಕೋರ್ಚಾಕನಿಗೆ ಮಿತ್ರರು ಹಿಂದೆಯೇ ದಾರಿ ತೋರಿಸಿದ್ದರು, ಆತನು ಒಪ್ಪಿರಲಿಲ್ಲ. ಆತನೂ ವಿಲ್ಚಿನ್ಸ್ಕಾಳೂ ಇತರ ಪಾಲಕರೂ ಮಕ್ಕಳೊಡನೆಯೇ ನಡೆದು ರೈಲುಬಂಡಿಗಳನ್ನು ಏರಿದರು. ಯಾರೂ ಹಿಂದಿರುಗಲಿಲ್ಲ.

ಲೋಕವು ಕೋರ್ಚಾಕನನ್ನು ಈ ಮರಣದಿಂದ ನೆನೆಯುತ್ತದೆ. ಅದು ತಪ್ಪಲ್ಲ, ಆದರೆ ಅಪೂರ್ಣವಾದುದು. ಮೂವತ್ತು ವರ್ಷ ಪ್ರತಿದಿನವೂ ಮಕ್ಕಳೊಡನೆ ಇದ್ದವನು ಆ ದಿನವೂ ಇದ್ದನು. ಅಂದಿನದನ್ನು ಮಾತ್ರ ಎತ್ತಿ ಹೇಳಿದರೆ ಅದು ಅಲೌಕಿಕವೆನಿಸಿ, ನಮ್ಮಂಥವರಿಗೆ ಅನುಕರಣಕ್ಕೆ ಸಿಕ್ಕದುದಾಗುತ್ತದೆ. ಹಾಲುಹಲ್ಲನ್ನು ಕೊಂಡುದನ್ನೂ ಐದು ಮೊಕದ್ದಮೆಗಳನ್ನೂ ಕೂಡಿಸಿ ಹೇಳಿದರೆ ಯಾವ ಉಪಾಧ್ಯಾಯನೂ ಅದರಿಂದ ಕಲಿಯಬಹುದು.

೭. ಶಾಸ್ತ್ರದ ಸಮ್ಮತಿ

ಇದುವರೆಗೆ ಹೇಳಿದುದು ಅನುಭವಿಗಳ ಮಾತು. ಯುದ್ಧಾನಂತರದಲ್ಲಿ ವಿಜ್ಞಾನವೂ ಇದಕ್ಕೆ ಸಾಕ್ಷಿ ಹೇಳಿತು. ರೆನೆ ಸ್ಪಿಟ್ಸನು ೧೯೪೫ರಲ್ಲಿ, ಶುಚಿಯಾದ ಆಸರೆಯಲ್ಲಿ ಸಾಕಷ್ಟು ಆಹಾರವಿದ್ದರೂ ಎತ್ತಿಕೊಳ್ಳುವವರಿಲ್ಲದ ಶಿಶುಗಳು ಸೊರಗುವುದನ್ನು ಪ್ರಕಟಿಸಿದನು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿಯು ೧೯೫೧ರಲ್ಲಿ ಸಿದ್ಧಪಡಿಸಿದ ವರದಿಯು, ಶಿಶುವಿಗೆ ತಾಯಿಯೊಡನೆ ಅಥವಾ ಆ ಸ್ಥಾನದಲ್ಲಿ ನಿಂತವರೊಡನೆ ಎಡೆಬಿಡದ ಅಕ್ಕರೆಯ ಸಂಬಂಧವು ಅವಶ್ಯವೆಂದು ಸ್ಥಾಪಿಸಿತು. ಮಗುವಿನ ಹಕ್ಕುಗಳ ವಿಷಯದಲ್ಲಿ ಸರ್ವರಾಷ್ಟ್ರಗಳ ಒಡಂಬಡಿಕೆಯೊಂದು ಬೇಕೆಂದು ೧೯೭೮ರಲ್ಲಿ ಪ್ರಸ್ತಾಪಿಸಿದುದು ಕೋರ್ಚಾಕನ ನಾಡಾದ ಪೋಲೆಂಡೇ. ೧೯೮೯ರ ನವೆಂಬರ್ ೨೦ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಆ ಒಡಂಬಡಿಕೆಗೆ ಭಾರತವು ೧೯೯೨ರಲ್ಲಿ ಸೇರಿತು. ನಮ್ಮ ದೇಶದ ೨೦೧೫ರ ಬಾಲನ್ಯಾಯ ಶಾಸನವೂ ೨೦೧೬ರ ಮಾದರಿ ನಿಯಮಗಳೂ ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾದ ಪಾಲನಾಯೋಜನೆ, ಪಾಲನಾಗೃಹಗಳಲ್ಲಿ ಮಕ್ಕಳ ಸಮಿತಿ, ಸಲಹೆಗಳನ್ನು ಹಾಕುವ ಪೆಟ್ಟಿಗೆ ಇವುಗಳನ್ನು ವಿಧಿಸಿವೆ. ಕ್ರೊಖ್ಮಾಲ್ನಾ ಬೀದಿಯ ಅಂಚೆಪೆಟ್ಟಿಗೆಯು ಹೀಗೆ ನಮ್ಮ ಊರುಗಳ ಗೋಡೆಗೂ ಬಂದಿದೆ. ಆದರೆ ಮೆಟ್ರೆಯ ಕಥೆಯನ್ನು ಮರೆಯಬಾರದು. ಪೆಟ್ಟಿಗೆಯನ್ನು ತೂಗುಹಾಕುವುದು ಸುಲಭ. ಅದರೊಳಗಿನ ಚೀಟಿಯನ್ನು ಓದಿ ಉತ್ತರವನ್ನು ಕೊಡುವವನು ಬೇಕು.

೮. ಉಪಸಂಹಾರ

ಇಲ್ಲಿ ಒಂದು ಪೂರ್ವಪಕ್ಷವುಂಟು. ಸಂಬಂಧವೆಂಬುದು ವ್ಯಕ್ತಿಗಳ ಸ್ವಭಾವಕ್ಕೆ ಸೇರಿದುದು. ಅದನ್ನು ವಿಧಿಸಲಾಗದು, ಅಳೆಯಲಾಗದು. ಆದುದರಿಂದ ಸಂಸ್ಥೆಗಳು ಅನ್ನ, ವಸ್ತ್ರ, ವಿದ್ಯೆಗಳನ್ನು ಕ್ರಮವಾಗಿ ಕೊಟ್ಟರೆ ಸಾಕು ಎಂದು ಕೆಲವರು ಹೇಳುವರು. ಇದಕ್ಕೆ ಸಮಾಧಾನವು ಮೇಲಣ ಚರಿತ್ರೆಯಲ್ಲಿಯೇ ಇದೆ. ಪ್ರೀತಿಯನ್ನು ವಿಧಿಸಲಾಗದೆಂಬುದು ನಿಜ. ಆದರೆ ಪ್ರೀತಿಯು ಬೆಳೆಯತಕ್ಕ ನೆಲವನ್ನು ಸಿದ್ಧಪಡಿಸಬಹುದು: ಒಬ್ಬನ ಕೈಗೆ ಎಷ್ಟು ಮಕ್ಕಳೆಂಬುದನ್ನು ನಿಯಮಿಸಬಹುದು, ಮಗುವಿನ ಸಿಟ್ಟನ್ನು ತಾಳುವ ವಿವೇಕವನ್ನು ಪಾಲಕನಿಗೆ ಕಲಿಸಬಹುದು, ಪಾಲಕನು ತಪ್ಪಿದಾಗ ಮಗುವು ಕೇಳುವುದಕ್ಕೆ ಒಂದು ಸ್ಥಾನವನ್ನು ಏರ್ಪಡಿಸಬಹುದು. ಸಾಮೀಪ್ಯ, ವಿವೇಕ, ನ್ಯಾಯ ಈ ಮೂರೂ ಕೂಡಿದಲ್ಲಿ ನಾಥತ್ವವು ಸಿದ್ಧಿಸುತ್ತದೆ. ಒಂದು ತಪ್ಪಿದರೂ ಉಳಿಯುವುದು ಭರಣ ಮಾತ್ರ.

ಕಡೆಯಲ್ಲಿ ಲೇಖಕನದೇ ಒಂದು ಮಾತನ್ನು ಹೇಳುವುದಕ್ಕೆ ವಾಚಕರು ಅಪ್ಪಣೆಕೊಡಬೇಕು. ಬಾಲ್ಯದಲ್ಲಿ ಹಲವು ವರ್ಷ ನಾನು ಒಂದು ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿನಿಲಯದಲ್ಲಿದ್ದೆನು. ಅನ್ನಕ್ಕಾಗಲಿ ಪಾಠಕ್ಕಾಗಲಿ ಕೊರತೆಯಿರಲಿಲ್ಲ. ಜ್ವರ ಬಂದ ಒಂದು ರಾತ್ರಿ ಯಾರನ್ನು ಎಬ್ಬಿಸಬೇಕೆಂದು ತಿಳಿಯದೆ ಬೆಳಗಿನವರೆಗೂ ಕುಳಿತಿದ್ದೆನು. ನಸುಕಿನಲ್ಲಿ ಒಲೆ ಹಚ್ಚಲು ಬಂದ ಅಡಿಗೆಯವನು ನೋಡಿ ತನ್ನ ಕಂಬಳಿಯನ್ನು ಹೊದಿಸಿದನು. ಗುರುಗಳು ಹೇಳಿಕೊಟ್ಟ ಶಬ್ದಮಂಜರಿಯಂತೆಯೇ ಆ ಕಂಬಳಿಯೂ ನೆನಪಿನಲ್ಲಿದೆ. ಮುಂದೆ ನಾನೇ ಇನ್ನೊಂದು ನಿಲಯದ ಪಾಲಕನಾಗಿದ್ದಾಗ, ಒಬ್ಬ ಹುಡುಗನು ಗಡಿಯಾರವನ್ನು ಕದ್ದನೆಂದು ಎಲ್ಲರ ಮುಂದೆ ಗದರಿಸಿದೆನು. ಮೂರನೆಯ ದಿನ ಗಡಿಯಾರವು ನನ್ನ ಪೆಟ್ಟಿಗೆಯಲ್ಲಿಯೇ ಸಿಕ್ಕಿತು. ಹುಡುಗನು ಏನನ್ನೂ ಕೇಳಲಿಲ್ಲ. ನಾನೂ ಏನನ್ನೂ ಹೇಳಲಿಲ್ಲ. ಕೋರ್ಚಾಕನ ಐದನೆಯ ಮೊಕದ್ದಮೆಯನ್ನು ಓದಿದಂದಿನಿಂದ ಆ ಮೌನವು ನನ್ನನ್ನು ಬಾಧಿಸುತ್ತಿದೆ. ಆ ಹುಡುಗನಿಗೆ ತಂದೆತಾಯಿಗಳಿಬ್ಬರೂ ಇದ್ದರು. ಆದರೂ ಆ ಮೂರು ದಿನ ಅವನು ಅನಾಥನಾಗಿದ್ದನು.